ಸೈಕಲ್ ಆಯಿಯ ಸಪ್ಪಳ

ಮೊಮ್ಮಕ್ಕಳಾದ ವಿದ್ಯಾ, ಮುತ್ತು ಇಬ್ಬರಿಗೂ,

ಹೋದ ವಾರ ನೀವಿಬ್ಬರೂ ಊರಿಗೆ ಬಂದಾಗ ನಾನು ಒಮ್ಮೆ ಜೋರಾಗಿ ಕೂಗಿದೆ. ನಿಮಗೆ ನೆನಪಿರಬೇಕು. ವಿದ್ಯಾ ಅಂಗಳದಲ್ಲಿ ಆ ಹಳೆಯ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಸ್ಕ್ರೂಡ್ರೈವರ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಳು. "ಚೈನ್ ಕವರ್ ಸಡ್ಲ ಆಗೇತಿ ಆಯಿ, ಬಿಗಿ ಮಾಡಿಬಿಡ್ತೀನಿ" ಎಂದಳು. ನಾನು ಹಿತ್ತಲ ಬಾಗಿಲಿನಿಂದ ಓಡಿಬಂದು "ಮುಟ್ಟಬ್ಯಾಡ ಅದನ್ನ!" ಎಂದು ಕೂಗಿದೆ. ಆ ದನಿ ನನಗೇ ಬೇರೆ ಯಾರದೋ ಅನಿಸಿತು. ಮುತ್ತು ನಕ್ಕುಬಿಟ್ಟ. "ನಮ್ಮ ಆಯಿಗೂ ಒದರಾಕ ಬರತೈತಿ ನೋಡಲೇ" ಎಂದ. ಯಾಕೆ ಮುಟ್ಟಬಾರದು ಎಂದು ವಿದ್ಯಾ ಎರಡು ಸಲ ಕೇಳಿದಳು. ನಾನು ಉತ್ತರ ಕೊಡದೆ ಒಲೆಯ ಮುಂದೆ ಹೋಗಿ ಕೂತೆ.

ಬಾಯಿಂದ ಹೇಳಲು ಹೋದರೆ ನನಗೆ ಮಾತು ನಡುವೆಯೇ ಸಿಕ್ಕಿಕೊಳ್ಳುತ್ತದೆ. ಮೊದಲಿನಿಂದಲೂ ಹಾಗೆಯೇ. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು ನಾನು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಆ ಸೈಕಲ್ಲು ಸೈಕಲ್ ಆಯಿಯದು. ನಮ್ಮ ಹಿಂದಿನ ಓಣಿಯ ಕುರುಬರ ಮನೆಯವಳು. ಆ ಹೆಸರನ್ನು ನೀವೇ ಸಣ್ಣವರಿದ್ದಾಗ ಇಟ್ಟಿದ್ದಿರಿ. ಅವಳ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಾನು ಅವಳನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ನಾನು ಯಕ್ಕಾ ಅನ್ನುತ್ತಿದ್ದೆ, ಅವಳು ತಂಗಿ ಅನ್ನುತ್ತಿದ್ದಳು. ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಾಗ ನಿಮಗೆ ಪರೀಕ್ಷೆ ಇತ್ತು, ನೀವು ಬರಲಿಲ್ಲ. ಬಂದಿದ್ದರೂ ನಾನು ನಿಮಗೆ ಏನನ್ನೂ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಈ ಸಲ ಬಂದಾಗ ನೀವು ಅಕ್ಕ ತಮ್ಮ ಜಗಳಾಡಿದ್ದು ಕರೆಂಟಿನ ಸೈಕಲ್ಲಿನ ವಿಷಯಕ್ಕೆ. ನಿಡಸೋಸಿಯಲ್ಲಿ ವಿದ್ಯಾಳ ರೂಮು ಕಾಲೇಜಿನಿಂದ ದೂರ, ನಡುವೆ ಏರು ಬೇರೆ, ಸೈಕಲ್ಲು ಬೇಕೇಬೇಕು. ಮೋಟರು ಗಾಲಿಯ ಒಳಗೇ ಇರುವುದನ್ನು ತೆಗೆದುಕೋ, ಕಾಲು ಆಡಿಸುವ ಕೆಲಸವೇ ಇಲ್ಲ ಎಂದು ಮುತ್ತುವಿನ ವಾದ. ಪೆಡಲಿನ ಹತ್ತಿರ ಕೂಡಿಸುವ ಮೋಟರೇ ಬೇಕು, ಏರಿನಲ್ಲಿ ಅದೇ ಗಟ್ಟಿ ಎಂದು ವಿದ್ಯಾಳ ವಾದ. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೇಳುತ್ತಿದ್ದೆ. "ಆಯಿ, ನೀ ಹೇಳು, ಯಾವುದು ಚಲೋ?" ಎಂದು ವಿದ್ಯಾ ಕೇಳಿದಳು. ಮುತ್ತು, "ಆಯಿಗೇನ ಕೇಳ್ತಿ? ಆಯಿ ಹಿಂದಿನ ಸೀಟಿನಾಕಿ" ಎಂದ.

ನಿಜ, ಮುತ್ತು. ನಾನು ಹಿಂದಿನ ಸೀಟಿನವಳೇ. ಆದರೆ ಹಿಂದಿನ ಸೀಟಿನಲ್ಲಿ ಕೂತೇ ಆ ಎರಡೂ ಮೋಟರುಗಳನ್ನು ನಾನು ಬಲ್ಲೆ. ಸೈಕಲ್ ಆಯಿಯ ಬೆನ್ನಿಗೆ ಆತು ಕೂತು ಬಲ್ಲೆ.

ಅವಳು ಎತ್ತರದ ಹೆಂಗಸು. ಕಚ್ಚೆ ಹಾಕಿ ಉಟ್ಟ ಸೀರೆ, ಮೊಣಕೈವರೆಗೆ ಹಚ್ಚೆ, ನಕ್ಕರೆ ಮೂಗಿನ ನತ್ತು ಅಲುಗುತ್ತಿತ್ತು. ಸೈಕಲ್ಲು ಗಂಡಸರದು, ನಡುವೆ ಅಡ್ಡ ದಂಡಿಗೆ ಇದ್ದದ್ದು. ಅದನ್ನು ಹನುಮಪ್ಪನ ಗುಡಿಯ ಕಟ್ಟೆಗೆ ಆನಿಸಿ, ಕಟ್ಟೆಯ ಮೇಲಿನಿಂದ ಕಾಲು ಹಾಕಿ ಏರುತ್ತಿದ್ದಳು. ಕಲಿತ ಹೊಸದರಲ್ಲಿ ಕಟ್ಟೆಯ ಮೇಲೆ ಕೂತ ಗಂಡಸೊಬ್ಬ, "ಏನ ಬೇ, ಕುದುರಿ ಏರಿದಿ, ಲಗಾಮ ಎಲ್ಲೈತಿ?" ಎಂದು ಕೆಣಕಿದನಂತೆ. "ನಿನ್ನ ಹೇಂತಿ ಕೈಯಾಗ ಐತಿ, ಮನಿಗೆ ಹೋಗಿ ನೋಡ್ಕೊ" ಎಂದು ಹೇಳಿ ಹೊರಟುಬಿಟ್ಟಳಂತೆ. ಆಮೇಲೆ ಯಾರೂ ಕೆಣಕಲಿಲ್ಲ.

ಹೆಣ್ಣುಮಕ್ಕಳು ಸೈಕಲ್ಲು ಮುಟ್ಟದ ಆ ಕಾಲದಲ್ಲಿ ಅವಳು ಯಾಕೆ ಕಲಿತಳೆಂದರೆ, ಅವಳ ಗಂಡ ಮನೆಯಲ್ಲಿ ಇರುತ್ತಿರಲಿಲ್ಲ. ನೀವು ಕುರಿ ಮುತ್ಯಾ ಅನ್ನುತ್ತೀರಲ್ಲ, ಅವರು. ವರ್ಷವಿಡೀ ಕುರಿಗಳ ಜೊತೆ ಬಯಲಲ್ಲಿ. ಮಳೆಗಾಲದಲ್ಲಿ ಗೋಕಾಕದ ಗುಡ್ಡದ ಕಡೆ, ಜೋಳ ಕೊಯ್ದ ಮೇಲೆ ನಮ್ಮ ಮಸಗುಪ್ಪಿಯ ಎರೆ ಹೊಲಗಳಲ್ಲಿ, ನಡುವಿನ ತಿಂಗಳುಗಳಲ್ಲಿ ಬೆಲ್ಲದ ಬಾಗೇವಾಡಿಯ ಸುತ್ತ. ಎಲ್ಲಿ ಹೊಲ ಖಾಲಿ ಇದೆಯೋ ಅಲ್ಲಿ ಅವರ ಹಟ್ಟಿ. ಹಟ್ಟಿ ಸೈಕಲ್ಲಿಗೆ ಎಟಕುವಷ್ಟು ದೂರದಲ್ಲಿ ಇರುವವರೆಗೂ ಅವಳು ದಿನಾ ಸಂಜೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದಳು. ಜೊತೆಯಲ್ಲಿ ಕೂತು ಉಂಡು, ಬರುತ್ತಿದ್ದಳು. "ನಮ್ಮ ಸಂಸಾರ ಸಂಜಿ ಒಂದ ತಾಸಿಂದು, ತಂಗಿ. ಉಳಿದದ್ದೆಲ್ಲಾ ಕುರೀದು" ಎಂದು ನಗುತ್ತಿದ್ದಳು. ಅದನ್ನು ಅವಳು ದುಃಖದಿಂದ ಹೇಳಿದ್ದನ್ನು ನಾನು ಕೇಳಿಲ್ಲ. ಆ ಒಂದು ತಾಸನ್ನು ಯಾರಿಗೂ ಬಿಟ್ಟುಕೊಡುತ್ತಲೂ ಇರಲಿಲ್ಲ.

ಆ ಸೈಕಲ್ಲಿನ ಚೈನ್ ಕವರಿನ ಸ್ಕ್ರೂ ನಾನು ಕಂಡಾಗಿನಿಂದಲೂ ಸಡಿಲು. ಪೆಡಲು ತುಳಿದಾಗ ಚೈನು ಕವರಿಗೆ ಬಡಿದು ಕಟಕಟ, ಕಟಕಟ ಎನ್ನುತ್ತಿತ್ತು. ಕಾಲುವೆಯ ದಂಡೆಯ ಮೇಲೆ ಅವಳು ಬರುತ್ತಿದ್ದರೆ ಅರ್ಧ ಊರಿಗೆ ಗೊತ್ತಾಗುತ್ತಿತ್ತು.

ನಮ್ಮಿಬ್ಬರ ಸ್ನೇಹ ಶುರುವಾದದ್ದು ಹೊಲದಲ್ಲಿ. ಸುಗ್ಗಿ ಮುಗಿದ ಮೇಲೆ ಕುರಿಗಳನ್ನು ಕೆಲವು ರಾತ್ರಿ ನಮ್ಮ ಹೊಲದಲ್ಲಿ ತರುಬುವುದು, ಅಂದರೆ ಸುತ್ತ ಬಲೆ ಕಟ್ಟಿ ಕೂಡಿಹಾಕುವುದು, ಹಿಂದಿನಿಂದ ಬಂದ ವಾಡಿಕೆ. ಹೊಲಕ್ಕೆ ಗೊಬ್ಬರ ಸಿಗುತ್ತದೆ, ಕುರಿಯವರಿಗೆ ನಾವು ಜೋಳ ಕೊಡುತ್ತೇವೆ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ಆ ಜೋಳವನ್ನು ಹೊತ್ತುಕೊಂಡು ನಾನು ಹೊಲಕ್ಕೆ ಹೋಗಿದ್ದೆ. ಬದುವಿನ ಮೇಲೆ ನಿಂತು ಏನೆಂದು ಕೂಗಬೇಕೋ ತಿಳಿಯದೆ ಸುಮ್ಮನೆ ನಿಂತಿದ್ದೆ. ಆಗ ದೂರದಲ್ಲಿ ಕಟಕಟ ಕೇಳಿಸಿತು.

ಹಟ್ಟಿಯ ನಾಯಿಗಳೆರಡೂ ಎದ್ದು ನಿಂತವು, ಬೊಗಳಲಿಲ್ಲ. ಬಾಲ ಆಡಿಸುತ್ತಾ ದಾರಿಯ ಕಡೆ ಮುಖ ಮಾಡಿದವು. ಕುರಿ ಮುತ್ಯಾ ಕಂಬಳಿಯಿಂದ ಎದ್ದು ಮೂರು ಕಲ್ಲಿನ ಒಲೆಗೆ ಪುಳ್ಳೆ ಇಟ್ಟು ಕಡ್ಡಿ ಗೀರಿದರು, ಚಹಾದ ಗಡಿಗೆ ಇಟ್ಟರು, ಆಡಿನ ಹಾಲು ಹಿಂಡಿಕೊಂಡು ಬಂದರು. ಯಾವುದಕ್ಕೂ ಅವಸರವಿಲ್ಲ. ಅವಳು ಬಂದು ಸೈಕಲ್ಲು ಮಲಗಿಸುವ ಹೊತ್ತಿಗೆ ಚಹಾ ಉಕ್ಕಿ ಬಂದಿತ್ತು. ಅವಳು ಬುತ್ತಿಯ ಅರಿವೆ ಬಿಚ್ಚಿದಳು. ಮೊದಲ ತುತ್ತು ನಾಯಿಗೆ. ಆಮೇಲೆ ಒಂದೇ ಅರಿವೆಯ ಮೇಲೆ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ ಹರಡಿಕೊಂಡು ಇಬ್ಬರೂ ಎದುರುಬದುರು ಕೂತರು.

ನಮ್ಮ ಮನೆಯಲ್ಲಿ ನಿಮ್ಮ ಅಜ್ಜ ಪಡಸಾಲೆಯಲ್ಲಿ ಉಣ್ಣುತ್ತಿದ್ದರು. ನಾವು ಹೆಂಗಸರು ಆಮೇಲೆ ಒಳಗೆ ಉಣ್ಣುತ್ತಿದ್ದೆವು. ನಿಮ್ಮ ಅಜ್ಜ ಒಳ್ಳೆಯವರು, ನನ್ನನ್ನು ಒಂದು ದಿನ ಗದರಿದವರಲ್ಲ. ಆದರೂ ಅವರ ಎದುರು ಕೂತು ಉಣ್ಣುವುದು ಹೇಗಿರುತ್ತದೆ ಎಂದು ನನಗೆ ತಿಳಿಯಲೇ ಇಲ್ಲ. ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲವೋ ಏನೋ. ಅದಕ್ಕೇ ಆ ಸಂಜೆ ನಾನು ಜೋಳದ ಗಂಟನ್ನು ತಲೆಯಿಂದ ಇಳಿಸುವುದನ್ನೂ ಮರೆತು ನೋಡುತ್ತಾ ನಿಂತುಬಿಟ್ಟೆ.

ಅವಳು ತಿರುಗಿ ನೋಡಿದಳು. "ಯಾರವ್ವಾ, ಗೌಡ್ರ ಸೊಸಿ ಏನ? ಗಂಟ ಇಳಸು, ಕುತಗಿ ಒಳಗ ಹೋದೀತು. ಬಾ, ಚಾ ಕುಡಿ."

ನಾನು ಒಲ್ಲೆ ಎಂದು ತಲೆ ಆಡಿಸಿದೆ.

"ಮಾತಾಡಬ್ಯಾಡ, ಹೂಂ ಅನ್ನು ಸಾಕು. ಮಾತು ನಾನ ಆಡ್ತೀನಿ, ಇಬ್ಬರದೂ" ಎಂದಳು.

ಅಂದಿನಿಂದ ಕಡೆಯವರೆಗೂ ಹಾಗೆಯೇ ನಡೆಯಿತು. ಮಾತು ಅವಳದು, ಹೂಂ ನನ್ನದು.

ನಿಮ್ಮ ಅಜ್ಜ ತೀರಿಕೊಂಡಾಗ ನಾನು ಹೊಸ್ತಿಲು ದಾಟುವುದನ್ನು ಬಿಟ್ಟೆ. ಯಾರೂ ನನ್ನನ್ನು ತಡೆದಿರಲಿಲ್ಲ, ನನಗೇ ಹೊರಗೆ ಬರಲು ಸಂಕೋಚ. ಬಂದವರೆಲ್ಲ ಬಾಗಿಲಲ್ಲಿ ನಿಂತು ಸಮಾಧಾನ ಹೇಳುತ್ತಿದ್ದರು, ನಾನು ಗೋಡೆಗೆ ಒರಗಿ ಕೂತಿರುತ್ತಿದ್ದೆ. ಸೈಕಲ್ ಆಯಿ ಸಮಾಧಾನ ಹೇಳಲಿಲ್ಲ. ಸಂಜೆ ಹಟ್ಟಿಗೆ ಹೋಗುವಾಗ ನಮ್ಮ ಹಿತ್ತಲ ಗೋಡೆಯ ಆಚೆ ಸೈಕಲ್ಲು ನಿಲ್ಲಿಸಿ, ಕೈಯಿಂದ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಿದ್ದಳು. ಕಟಕಟ, ಕಟಕಟ. ನಾನು ಹೋಗುತ್ತಿರಲಿಲ್ಲ. ಅವಳು ಸ್ವಲ್ಪ ಹೊತ್ತು ತಿರುಗಿಸಿ ಹೊರಟುಹೋಗುತ್ತಿದ್ದಳು. ಮರುದಿನ ಮತ್ತೆ. ಒಂದು ದಿನ ನಾನೇ ಎದ್ದುಹೋಗಿ ಗೋಡೆಯ ಮೇಲಿನಿಂದ ಇಣುಕಿದೆ.

"ಬಾಯಿಲೆ ಕರದ್ರ ಒಲ್ಲೆ ಅಂತಿದ್ದಿ" ಎಂದಳು. "ಇದಕ್ಕ ಏನ ಅಂತಿ ಹೇಳು ನೋಡೂಣು."

ಅವತ್ತು ಅವಳ ಕ್ಯಾರಿಯರ್ ಮೇಲೆ ಕೂತು ಹೊಲಕ್ಕೆ ಹೋದೆ. ಬಹಳ ದಿನಗಳ ಮೇಲೆ ಗಾಳಿ ಮುಖಕ್ಕೆ ಬಡಿಯಿತು.

ವಯಸ್ಸು ಯಾರನ್ನು ಬಿಟ್ಟೀತು. ಅವಳ ಎರಡೂ ಮೊಣಕಾಲುಗಳು ಸವೆದವು. ಪೆಡಲು ತುಳಿದರೆ ಊದುತ್ತಿದ್ದವು. ಗೋಕಾಕದ ಡಾಕ್ಟರರು ಸೈಕಲ್ಲಿನ ಭಾರ ಕಾಲಿನ ಮೇಲೆ ಹಾಕಬೇಡ ಎಂದರು. ಮಕ್ಕಳಿಬ್ಬರು ಮೂಡಲಗಿಯಲ್ಲಿ ಹಾಲಿನ ಗಾಡಿ ಇಟ್ಟುಕೊಂಡಿದ್ದರು, ತಾಯಿಯನ್ನು ಕಂಡರೆ ಜೀವ. ಹಿರಿಯವನು ಬಂದು, "ಯವ್ವಾ, ಬುತ್ತಿ ನಾ ಒಯ್ತೀನಿ. ಡಬ್ಬ್ಯಾಗ ಹಾಕಿಕೊಡು, ಗಾಡಿ ಮ್ಯಾಲ ಹತ್ತ ಮಿಂಟಿನ ಹಾದಿ" ಎಂದ. ಅವಳು ಒಪ್ಪಿದಳು. ಎಂದಿನಂತೆ ಅಡಿಗೆ ಮಾಡಿ ಡಬ್ಬಿಯಲ್ಲಿ ತುಂಬಿ ಕೊಟ್ಟಳು. ಡಬ್ಬಿಯಲ್ಲಿ ಅರ್ಧ ಊಟ ಹಾಗೇ ಉಳಿದು ವಾಪಸು ಬಂತು.

"ಏನಂದ್ರೋ ನಿಮ್ಮಪ್ಪ?"

"ಪಲ್ಯಾದಾಗ ಉಪ್ಪ ಕಡಿಮಿ ಆಗೇತಿ ಅಂದ್ರು."

ಅವಳು ಉಳಿದಿದ್ದ ಪಲ್ಲೆಯನ್ನು ಬೆರಳಿನಿಂದ ತೆಗೆದು ನನ್ನ ನಾಲಿಗೆಗೆ ಹಚ್ಚಿದಳು. "ಕಡಿಮಿ ಐತೇನ ತಂಗಿ?"

ಉಪ್ಪು ಸರಿಯಾಗಿಯೇ ಇತ್ತು. ನಾನು ಇಲ್ಲ ಎಂದು ತಲೆ ಆಡಿಸಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಮಾತು ನಿಲ್ಲಿಸದ ಆ ಹೆಂಗಸು ಅಂದು ಸುಮ್ಮನಾದದ್ದನ್ನು ಕಂಡು ನನಗೆ ಭಯವಾಯಿತು. ಆ ಒಂದು ತಾಸು ಹೋದರೆ ಅವಳಿಗೆ ಏನು ಉಳಿಯುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಕಿರಿಯ ಮಗನೇ ದಾರಿ ಹೇಳಿದ್ದು. ಹಳೆಯ ಸೈಕಲ್ಲಿಗೂ ಮೋಟರು ಕೂಡಿಸುತ್ತಾರೆ, ಗೋಕಾಕದಲ್ಲಿ ಒಂದು ಅಂಗಡಿ ಇದೆ ಎಂದ. ಅವಳು ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. "ಎತ್ತ ತಗೊಳ್ಳುವಾಗ ಇಬ್ಬರು ಹೋಗಬೇಕು. ಒಬ್ಬರು ಮಾತಾಡಾಕ, ಒಬ್ಬರು ನೋಡಾಕ" ಎಂದಳು.

ಅಂಗಡಿಯವನು ಮಾತುಗಾರ, ಚುರುಕು ಹುಡುಗ. ಎರಡು ಸೈಕಲ್ಲು ಹೊರಗೆ ತಂದು ನಿಲ್ಲಿಸಿದ. ವಿದ್ಯಾ, ನೀನು, ಮುತ್ತು ಜಗಳಾಡುತ್ತಾ ಹೇಳಿದ್ದನ್ನೇ ಅವನೂ ನಮಗೆ ಹೇಳಿದ್ದು.

"ಇದರಾಗ ನೋಡ್ರಿ ಆಯಿ, ಮೋಟರ್ ಗಾಲಿ ನಡಕ ಐತಿ. ಕೈಯಾಗಿಂದು ತಿರುವಿದ್ರಿ ಅಂದ್ರ ಗಾಲೀನ ತಾನ ಓಡ್ತೈತಿ. ಪೆಡಲ್ ಮ್ಯಾಲ ಕಾಲ ಸುಮ್ಮ ಇಟ್ಕೊಂಡು ಕುಂದರ್ರಿ. ಇನ್ನೊಂದರಾಗ ಮೋಟರ್ ಪೆಡಲ್ ಬುಡಕ ಐತಿ. ಅದು ಚೈನ್ ಎಳೀತೈತಿ. ಆದ್ರ ನೀವು ಪೆಡಲ್ ತಿರುವಿದ್ರಷ್ಟ ಅದೂ ದುಡೀತೈತಿ. ನೀವು ನಿಂತ್ರ ಅದೂ ನಿಲ್ತೈತಿ."

"ಅಂದ್ರ ಒಂದು ಗಾಡಿ ಹಿಂದ ನಿಂತು ನೂಕೂ ಮನಷ್ಯಾ, ಇನ್ನೊಂದು ನನ್ನ ಜೋಡಿ ನೊಗಕ್ಕ ಹೂಡಿದ ಎತ್ತು. ಹೌದಿಲ್ಲೊ ತಮ್ಮಾ?"

"ಹಂಗ ಅಂತ ತಿಳ್ಕೋರಿ."

"ಏರಿನಾಗ ನೋಡಬೇಕು."

"ಇಲ್ಲೇ ಬಜಾರದಾಗ ಒಂದ ಸುತ್ತ ಹಾಕ್ರಿ, ಸಾಕು."

"ಬಯಲಾಗ ಯಾವ ಎತ್ತ ಓಡೂದಿಲ್ಲ? ಒಜ್ಜಿ ಹೇರಿ ಏರ ಹತ್ತಿಸಿ ನೋಡಬೇಕೋ. ನಿಮ್ಮಪ್ಪನ ಕೇಳು."

ಹೇರಲು ಭಾರ ಎಲ್ಲಿದೆ ಎಂದು ಅವನು ಸುತ್ತ ನೋಡಿದ. ಅವಳು ನನ್ನ ಕಡೆ ಕೈ ತೋರಿಸಿದಳು.

ನಾನು ಆ ಜನದ ನಡುವೆ, ಗೋಕಾಕದ ಬಜಾರದಲ್ಲಿ, ವಿಧವೆಯಾದ ಮುದುಕಿ ಸೈಕಲ್ಲಿನ ಹಿಂದೆ ಕೂತು ಹೋಗುವುದೆಂದರೆ ಹೇಗೆ ಎಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ. ಊರಿನ ಕಾಲುವೆಯ ದಾರಿ ಬೇರೆ, ಇದು ಬೇರೆ.

"ನಾಚಿಕಿ ಕೆಳಗ ಇಳಿಸಿ ಹತ್ತು ತಂಗಿ. ಅದ ನಿನಗಿಂತ ಒಜ್ಜಿ ಐತಿ" ಎಂದಳು. ಅಂಗಡಿಯವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ನನಗೂ ನಗೆ ಬಂತು. ಹತ್ತಿದೆ.

ಫಾಲ್ಸಿನ ಕಡೆ ಏರುವ ರಸ್ತೆಯಲ್ಲಿ ಮೊದಲು ಗಾಲಿಯ ಮೋಟರಿನದು ಓಡಿಸಿದಳು. ಸಪಾಟು ಇರುವವರೆಗೆ ಅದು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಸದ್ದೇ ಇಲ್ಲ. ಏರು ಬಂದ ಮೇಲೆ ನಿಧಾನವಾಯಿತು, ಕಡೆಗೆ ಕೂತುಬಿಟ್ಟಿತು. ಇಳಿದು ಮುಟ್ಟಿ ನೋಡಿದರೆ ಗಾಲಿಯ ನಡುವೆ ಬಿಸಿ. ಪೆಡಲಿನ ಮೋಟರಿನದಕ್ಕೆ ಗೇರುಗಳಿದ್ದವು. ಅಂಗಡಿಯವನು ಹೇಳಿಕೊಟ್ಟಂತೆ ಸಣ್ಣ ಗೇರು ಹಾಕಿಕೊಂಡು ಅವಳು ಕಾಲು ಆಡಿಸಿದಳು. ಅದು ಗೊರಗೊರ ಎನ್ನುತ್ತಾ, ಅವಸರ ಮಾಡದೆ, ನಮ್ಮಿಬ್ಬರನ್ನೂ ಹೊತ್ತು ಹತ್ತಿಬಿಟ್ಟಿತು. ಮೇಲೆ ನಿಂತು ಅವಳು ಮೊಣಕಾಲು ಹಿಡಿದುಕೊಂಡಳು. ಸ್ವಲ್ಪವೇ ತುಳಿದಿದ್ದರೂ ನೋವು ಎದ್ದಿತ್ತು.

"ನೂಕೂದ ತಗೋ ಯಕ್ಕಾ" ಎಂದೆ ನಾನು. ನಾನಾಗಿ ಬಾಯಿ ಬಿಟ್ಟಿದ್ದಕ್ಕೆ ಅವಳಿಗೆ ಆಶ್ಚರ್ಯ. "ನಿನ್ನ ಕಾಲ ನೋಡ್ಕೋಬೇಕಲಾ. ನಮ್ಮ ಕಾಲವಿ ದಾರ್ಯಾಗ ಏರ ಎಲ್ಲೈತಿ?"

ಅಂಗಡಿಯವನೂ ಅದನ್ನೇ ಹೇಳಿದ. ಅವನದು ಸರಿಯಾದ ಮಾತೇ. ಸಪಾಟು ದಾರಿಗೆ, ಕಾಲು ನೋವಿನವರಿಗೆ ಗಾಲಿಯ ಮೋಟರೇ ಅನುಕೂಲ. ಅವಳು ಒಪ್ಪಿದಳು. ಅವಳ ಹಳೆಯ ಸೈಕಲ್ಲಿಗೇ ಅದನ್ನು ಕೂಡಿಸಿಕೊಟ್ಟರು. ಹುಡುಗ ಶ್ರದ್ಧೆಯಿಂದ ಚೈನಿಗೆ ಎಣ್ಣೆ ಬಿಟ್ಟು, ಅಲುಗಾಡುವುದನ್ನೆಲ್ಲ ಬಿಗಿ ಮಾಡಿ ಒರೆಸಿ ಕೊಟ್ಟ.

ಆಗ ಹಟ್ಟಿ ನಮ್ಮ ಕೆಳಗಿನ ಹೊಲದಲ್ಲೇ ಇತ್ತು. ಮೊದಲ ದಿನ ನಾನೂ ಬರಬೇಕೆಂದು ಹಟ ಹಿಡಿದಳು. ಗಂಡನಿಗೆ ಮೊದಲೇ ತಿಳಿಸಿರಲಿಲ್ಲ. ಹೊಸ ಸೀರೆ ಉಟ್ಟಿದ್ದಳು. "ಇಷ್ಟ ದಿವಸ ಉಪ್ಪ ಕಡಿಮಿ ಅಂದಾರ, ಇವತ್ತ ನೋಡೂಣು ಬಾ" ಎಂದಳು. ಹಿಂದೆ ನಾನು, ನನ್ನ ತೊಡೆಯ ಮೇಲೆ ಬುತ್ತಿ. ಹೊತ್ತು ಮುಳುಗಿ ಮಬ್ಬು ಆವರಿಸಿತ್ತು. ಸೈಕಲ್ಲು ಕಾಲುವೆಯ ದಂಡೆಯ ಮೇಲೆ ನೀರು ಹರಿದಂತೆ ಹೋಯಿತು. ಅವಳ ಕಾಲುಗಳು ಪೆಡಲಿನ ಮೇಲೆ ಸುಮ್ಮನೆ ಇದ್ದವು. ಚೈನು ಅಲುಗಲಿಲ್ಲ. ನಮ್ಮ ಉಸಿರು ನಮಗೇ ಕೇಳುತ್ತಿತ್ತು.

ಹೊಲಕ್ಕೆ ತಿರುಗಿದ್ದೇ ತಡ, ನಾಯಿಗಳೆರಡೂ ಗಂಟಲು ಹರಿಯುವಂತೆ ಬೊಗಳುತ್ತಾ ನಮ್ಮ ಮೇಲೆ ನುಗ್ಗಿದವು. ಒಂದು ಅವಳ ಸೆರಗಿಗೇ ಬಾಯಿ ಹಾಕಿತು. ಗದ್ದಲಕ್ಕೆ ಕುರಿಗಳು ಬೆದರಿ ಒಂದರ ಮೇಲೊಂದು ಬಿದ್ದು ಬಲೆ ಕಿತ್ತುಕೊಂಡು ಹೊಲದ ತುಂಬ ಚೆಲ್ಲಾಪಿಲ್ಲಿಯಾದವು. ಕುರಿ ಮುತ್ಯಾ ಬಡಿಗೆ ಎತ್ತಿಕೊಂಡು "ಯಾವನಲೇ ಅಂವಾ!" ಎಂದು ಓಡಿಬಂದರು.

"ನಾನ್ರಿ! ನಾನು!" ಎಂದು ಅವಳು ಕೂಗಿದಳು. ಅವಳ ದನಿ ಕೇಳಿ ನಾಯಿಗಳು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದವು, ತಪ್ಪು ಮಾಡಿದವರ ಹಾಗೆ.

ಕುರಿಗಳನ್ನು ಒಟ್ಟುಗೂಡಿಸಿ ಬಲೆ ಕಟ್ಟುವ ಹೊತ್ತಿಗೆ ಬಹಳ ಹೊತ್ತಾಯಿತು. ಮುತ್ಯಾ ಹೊಸ ಮೋಟರನ್ನು ಒಮ್ಮೆ ನೋಡಿದರು, ಅವಳನ್ನು ಒಮ್ಮೆ ನೋಡಿದರು. ಸಿಟ್ಟು ಮಾಡಲಿಲ್ಲ.

"ಕಳ್ಳರಂಗ ಬಂದಿ" ಎಂದರು. "ಚಾ ಇಟ್ಟಿಲ್ಲ."

ಅಷ್ಟೇ ಮಾತು. ಒಲೆಯ ಮೂರು ಕಲ್ಲು ತಣ್ಣಗೆ ಇದ್ದವು. ಅವಳು ಬುತ್ತಿ ಬಿಚ್ಚಿದಳು, ಇಬ್ಬರೂ ಉಂಡರು. ತಿರುಗಿ ಬಂದೆವು. ಮನೆಯ ಹತ್ತಿರ ನನ್ನನ್ನು ಇಳಿಸಿ, "ತಂಗಿ, ನಾ ಎತ್ತ ನೋಡಿದ್ನಿ, ಗಾಡಿ ನೋಡಿದ್ನಿ. ಗಾಡಿ ಬರೂದನ್ನ ಕಾಯಕೋಂತ ಕುಂತಾವ್ರನ್ನ ನೋಡಲಿಲ್ಲ" ಎಂದಳು.

ಮತ್ತೆ ಗೋಕಾಕಕ್ಕೆ ಹೋದೆವು. ಅಂಗಡಿಯವನಿಗೆ ಅರ್ಥವೇ ಆಗಲಿಲ್ಲ. "ಸಪ್ಪಳ ಇಲ್ಲದ್ದು ಚಲೋ ಅಲ್ಲೇನ್ರಿ ಆಯಿ? ಎಲ್ಲಾರೂ ಅದನ್ನ ಕೇಳ್ತಾರ. ಬೇಕಂದ್ರ ದೊಡ್ಡ ಬೆಲ್ ಹಚ್ಚಿಕೊಡ್ತೀನಿ."

"ಬೆಲ್ ಹೊಡಿಯೂದು ದಾರಿ ಬಿಡ್ರಿ ಅನ್ನಾಕ. ನಾ ಅವರಿಗೆ ದಾರಿ ಬಿಡ್ರಿ ಅನ್ನಾಕ ಹೊಂಟಿಲ್ಲೋ ತಮ್ಮಾ."

"ಪೆಡಲಿಂದು ಹಾಕಿದ್ರ ನೀವು ಕಾಲ ಆಡಿಸಬೇಕಾಕ್ಕೈತಿ. ಅರ್ಧ ನಿಮ್ಮದು, ಅರ್ಧ ಮೋಟರಿಂದು."

"ಆತು. ಪೂರಾ ಮೋಟರಿಂದಾದ್ರ ನಾ ಯಾಕ ಹೋಗ್ಬೇಕು? ಬುತ್ತಿ ಕಳಿಸಿದ್ರಾತು."

ಡಾಕ್ಟರರನ್ನೂ ಕೇಳಿದೆವು. ಮೋಟರು ಭಾರ ಹೊರುವುದಾದರೆ ಕಾಲನ್ನು ಹಗುರಾಗಿ ಆಡಿಸಬಹುದು, ನೋವು ಹೆಚ್ಚಾದರೆ ನಿಲ್ಲಿಸಬೇಕು ಎಂದರು. ಮೋಟರು ಬದಲಾಯಿತು. ಪೆಡಲಿನ ಬುಡಕ್ಕೆ ಮೋಟರು ಕೂಡಬೇಕಾದರೆ ಚೈನ್ ಕವರು ಅಡ್ಡ ಬರುತ್ತದೆ, ತೆಗೆದುಬಿಡಬೇಕು ಎಂದು ಹುಡುಗ ಹೇಳಿದ. ಅವಳು ಬಿಡಲಿಲ್ಲ. ಕಡೆಗೆ ಕವರಿನ ಮುಂದಿನ ಭಾಗ ಕತ್ತರಿಸಿ, ಉಳಿದ ಅರ್ಧವನ್ನು ಚೈನಿನ ಮೇಲೆ ಕೂಡಿಸಿದ. ಆಮೇಲೆ ಅವನು ಸ್ಕ್ರೂ ಬಿಗಿ ಮಾಡುವುದು, ಅವಳು ಪೆಡಲು ತಿರುಗಿಸಿ ಕಿವಿಗೊಟ್ಟು "ಸಡ್ಲ ಮಾಡು" ಅನ್ನುವುದು. ಸ್ವಲ್ಪ ಸಡಿಲು ಮಾಡಿದರೆ "ಇನ್ನೊಂದೀಟ" ಅನ್ನುವುದು. ತಂಬೂರಿಯ ತಂತಿ ಹದ ಮಾಡುವವರ ಹಾಗೆ ಬಹಳ ಹೊತ್ತು ನಡೆಯಿತು. ಕಡೆಗೊಮ್ಮೆ ಅವಳು ನನ್ನ ಕಡೆ ನೋಡಿದಳು. ನಾನು ಹೂಂ ಎಂದೆ.

ಆ ಸಂಜೆ ನಾನು ಜೊತೆಗೆ ಹೋಗಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಂದ ಕೆಳಗಿನ ಹೊಲ ಕಾಣುತ್ತದಲ್ಲ. ಕಟಕಟ ಸದ್ದು ಓಣಿ ದಾಟಿ ಕಾಲುವೆಯ ಕಡೆ ಹೋಯಿತು. ಅದು ಇನ್ನೂ ದಂಡೆಯ ಮೇಲೆ ಇರುವಾಗಲೇ ಹೊಲದಲ್ಲಿ ಹೊಗೆ ಎದ್ದಿತು.

ಅಲ್ಲಿಂದ ಎರಡು ಸುಗ್ಗಿ ಅವಳು ಹಾಗೆ ಓಡಾಡಿದಳು. ಹಟ್ಟಿ ಬೆಲ್ಲದ ಬಾಗೇವಾಡಿಯ ಕಡೆ ಇದ್ದಾಗಲೂ ಬ್ಯಾಟರಿ ತುಂಬಿಸಿಕೊಂಡು ಹೋಗಿ ಬಂದಳು, ಮೊದಲು ಅಷ್ಟು ದೂರ ಅವಳಿಂದ ಆಗುತ್ತಿರಲಿಲ್ಲ. ಮೊಣಕಾಲು ನೋಯುತ್ತಿರಲಿಲ್ಲ ಎಂದಲ್ಲ. ಬಂದ ಮೇಲೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಕೊಳ್ಳುತ್ತಿದ್ದಳು, ಕಟ್ಟುವಾಗ ನನ್ನನ್ನು ಬೈಯುತ್ತಿದ್ದಳು. "ನೂಕೂದ ತಗೋ ಅಂದಾಕಿ ನೀನ ಅಲಾ? ಹೂಂ ಅನ್ನೂದು ಬಿಟ್ಟು ಒಂದ ದಿನ ಮಾತಾಡಿದಿ, ಅದೂ ಹಿಂಗ!" ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದೆವು.

ಹೋದ ಮಳೆಗಾಲದಲ್ಲಿ ಜ್ವರ ಬಂತು, ಎದೆಗೆ ಇಳಿಯಿತು. ಬೇಗ ಹೋಗಿಬಿಟ್ಟಳು. ಸೈಕಲ್ಲನ್ನು ಮಕ್ಕಳು ಮಾರಲಿಲ್ಲ, ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಇಟ್ಟರು.

ಈ ಸುಗ್ಗಿಗೆ ಕುರಿ ನಮ್ಮ ಹೊಲಕ್ಕೆ ಬಂದವು. ವಾಡಿಕೆಯ ಜೋಳ ಹೊತ್ತುಕೊಂಡು ನಾನೇ ಹೋದೆ. ನಾಯಿಗಳು ನನ್ನನ್ನು ನೋಡಿ ಬೊಗಳಿದವು. ಮುತ್ಯಾ ಕಂಬಳಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಮಗ ತಂದಿಟ್ಟ ಡಬ್ಬಿ ಹಾಗೇ ಇತ್ತು. ಒಲೆಯ ಕಲ್ಲುಗಳನ್ನು ಎಂದಿನಂತೆ ಹೂಡಿದ್ದರು, ಆದರೆ ಅವುಗಳ ನಡುವೆ ಬೂದಿ ಇರಲಿಲ್ಲ. ಅನ್ನ ಬಿಸಿ ಮಾಡಿಕೊಡಲೇ ಎಂದು ಕೇಳಬೇಕೆಂದು ನನಗೆ ಬಹಳ ಅನಿಸಿತು. ಕೇಳದೆಯೇ ಜೋಳ ಇಳಿಸಿ ಬಂದೆ. ಆಮೇಲೆ ದಿನಾ ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಹೊಲದಲ್ಲಿ ಒಂದು ದಿನವೂ ಹೊಗೆ ಏಳಲಿಲ್ಲ.

ಆಮೇಲೆ ನೀವು ಬಂದಿರಿ. ಪೆಡಲಿನ ಮೋಟರು ಹೇಗಿರುತ್ತದೆ ನೋಡಬೇಕೆಂದು ವಿದ್ಯಾ ಸೈಕಲ್ ಆಯಿಯ ಮನೆಗೆ ಹೋಗಿ ಆ ಸೈಕಲ್ಲು ಕೇಳಿ ತಂದಳು. ಬ್ಯಾಟರಿ ತುಂಬಿಸಿ, ಸಂಜೆ ಕಾಲುವೆಯ ದಂಡೆಯ ಮೇಲೆ ಒಂದು ಸುತ್ತು ಹಾಕಿ ಬಂದಳು. ನಾನು ಒಲೆಯ ಮುಂದೆ ಇದ್ದೆ. ಕಟಕಟ ಕೇಳಿತು. ಕೈಯಲ್ಲಿದ್ದ ರೊಟ್ಟಿಯ ಹಿಟ್ಟನ್ನು ಹಾಗೇ ಬಿಟ್ಟು ಹಿತ್ತಲ ಬಾಗಿಲಿಗೆ ಹೋದೆ. ನಾಯಿಗಳು ಬದುವಿನವರೆಗೆ ಓಡಿಬಂದು ನಿಂತಿದ್ದು ಕಂಡಿತು. ಒಂದೂ ಬೊಗಳಲಿಲ್ಲ. ಅವುಗಳ ಹಿಂದೆ, ಹೊಲದ ನಡುವೆ, ಹೊಗೆ ಮೇಲಕ್ಕೆ ಏಳುತ್ತಿತ್ತು.

ನಾನು ಅಲ್ಲೇ ನಿಂತಿರುವಾಗ ನೀನು 'ಬಿಗಿ ಮಾಡಿಬಿಡ್ತೀನಿ' ಎಂದೆ, ವಿದ್ಯಾ. ನಾನು ಕೂಗಿದ್ದು ಅದಕ್ಕೆ.

ಮರುದಿನ ನಾನು ಹೊಲಕ್ಕೆ ಹೋದೆ. ಮುತ್ಯಾ ನನ್ನನ್ನು ನೋಡದೆ, ಬಲೆಯ ಗಂಟು ಬಿಚ್ಚುತ್ತಾ ಹೇಳಿದರು. "ನಿಮ್ಮ ಮೊಮ್ಮಗಳೇನ್ರಿ ಯವ್ವಾ, ನಿನ್ನಿ? ನನಗ ಗೊತ್ತಿತ್ತು. ಆಕಿ ಅಲ್ಲಂತ ಗೊತ್ತಿತ್ತು. ಕೈ ಕೇಳಲಿಲ್ಲ." ಗಂಟು ಬಿಚ್ಚಿ ಮುಗಿಸಿ, "ಚಾ ಇಟ್ಟಿದ್ನಿ. ನಾನ ಕುಡದ್ನಿ" ಎಂದರು.

ನಾನು ಅಂದು ಮಾತಾಡಿದೆ. "ರಜಾಕ್ಕ ಮತ್ತ ಬರತಾಳ್ರಿ. ಬುತ್ತಿ ಕಟ್ಟಿ ಕಳಸ್ತೀನಿ" ಎಂದೆ. ಅವರು ಒಲೆಯ ಕಲ್ಲೊಂದನ್ನು ಕಾಲಿನಿಂದ ಸರಿ ಮಾಡಿದರು.

ಆದ್ದರಿಂದ ಮುಂದಿನ ರಜೆಗೆ ಬಾ, ವಿದ್ಯಾ. ಮುತ್ತು, ನೀನೂ ಬಾ. ನಾನು ರೊಟ್ಟಿ, ಪುಂಡಿ ಪಲ್ಲೆ ಮಾಡುತ್ತೇನೆ. ವಿದ್ಯಾ ಓಡಿಸಲಿ, ನಾನು ಹಿಂದೆ ಕೂರುತ್ತೇನೆ. ನಿನಗೆ ಯಾವ ಮೋಟರು ಒಳ್ಳೆಯದು ಎಂದು ಹೇಳುವಷ್ಟು ನನಗೆ ತಿಳಿಯದು. ಅವಳಿದ್ದಿದ್ದರೆ ಈ ಮುತ್ತುವನ್ನೇ ಒಜ್ಜೆ ಮಾಡಿ ಹಿಂದೆ ಕೂರಿಸಿ, ನಿನ್ನನ್ನು ನಿಡಸೋಸಿಯ ಏರು ಹತ್ತಿಸಿ ನೋಡುತ್ತಿದ್ದಳು. ಹಾಗೆಯೇ ನೋಡಿ ತೆಗೆದುಕೋ.

ಈ ಹಾಳೆಗಳನ್ನು ಎಲ್ಲಾದರೂ ಒಣ ಜಾಗದಲ್ಲಿ, ನಿಮ್ಮ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ನಾನು ಇಲ್ಲದ ಕಾಲದಲ್ಲಿ ಆ ಸೈಕಲ್ಲು ರಿಪೇರಿಗೆ ಹೋದರೆ, ಚೈನ್ ಕವರಿನ ಆ ಸ್ಕ್ರೂವನ್ನು ಯಾಕೆ ಬಿಗಿ ಮಾಡಬಾರದು ಎಂದು ಅಂಗಡಿಯವನು ಕೇಳಿಯೇ ಕೇಳುತ್ತಾನೆ. ಆಗ ಇದನ್ನು ಅವನಿಗೆ ಓದಿ ಹೇಳಬೇಕು.